ಸಕ್ಕರೆ ಹಾಕಿಲ್ಲ

ಅಂಗಡಿಯ ಹಿಂದಿನ ಕೋಣೆಯಿಂದ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ವಾಸಿಯಾಯಿತೇ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೆ? ಆಸ್ಪತ್ರೆಯಲ್ಲಿ ಕಂಡವರಿಗೆಲ್ಲ ಇದು ತಿನ್ನಿ, ಅದು ಬಿಡಿ ಅಂತ ಪಥ್ಯ ಹೇಳುವವಳು ರೂಮಿಗೆ ಬಂದು ಎರಡು ಬಿಸ್ಕತ್ತು ತಿಂದು ಮಲಗುತ್ತೀಯ ಅಂತ ನನಗೆ ಚೆನ್ನಾಗಿ ಗೊತ್ತು. ನಿನ್ನನ್ನು ಹೆತ್ತವಳು ನಾನು, ನನ್ನ ಹತ್ತಿರ ನಿನ್ನ ನಾಟಕ ನಡೆಯುವುದಿಲ್ಲ. ನನ್ನ ಮಂಡಿ ನೋವು ಹಾಗೇ ಇದೆ. ಅದೂ ಈಗ ಮನೆಯ ಒಬ್ಬ ಸದಸ್ಯನ ಹಾಗೆ ಆಗಿಬಿಟ್ಟಿದೆ, ಬೆಳಿಗ್ಗೆ ಎದ್ದ ಕೂಡಲೇ ಮಾತಾಡಿಸುತ್ತದೆ.

ಫೋನು ಇರುವಾಗ ಕಾಗದ ಯಾಕೆ ಅಂತ ಕೇಳಬೇಡ. ಫೋನು ಮಾಡಿದರೆ ನೀನು “ಅಮ್ಮಾ, ಹುಷಾರಾ?” ಅಂತ ಕೇಳುತ್ತೀಯ, “ಅಪ್ಪಂಗೆ ಕೊಡ್ತೀನಿ ಇರು” ಅಂದ ತಕ್ಷಣ ನಿನಗೆ ಎಲ್ಲಿಲ್ಲದ ಕೆಲಸ ಬಂದುಬಿಡುತ್ತದೆ. ಅವರೂ ಏನು ಕಡಿಮೆ ಇಲ್ಲ. ಫೋನು ಬಂತೆಂದರೆ ಗೋಡೆ ಕಡೆಗೆ ತಿರುಗಿ ಕೂರುತ್ತಾರೆ, ಕಿವಿ ಮಾತ್ರ ಈ ಕಡೆಗೇ ಇರುತ್ತದೆ. ಇರುವುದು ಒಂದು ಕೋಣೆ, ಒಂದು ಅಂಗಡಿ. ಗುಟ್ಟು ಮಾತಾಡಲು ಜಾಗವೆಲ್ಲಿದೆ? ಈಗಲೂ ಮಂಚದ ಮೇಲೆ ಕೂತು ನನ್ನ ಪೆನ್ನಿನ ಸದ್ದು ಕೇಳುತ್ತಿದ್ದಾರೆ. ಬರೆದು ಮುಗಿದ ಮೇಲೆ ಪೂರ್ತಿ ಓದಿ ಹೇಳಬೇಕು ಅಂತ ಕರಾರು ಹಾಕಿದ್ದಾರೆ. ಓದುವಾಗ ಕೆಲವು ಸಾಲು ಹಾರಿಸುತ್ತೇನೆ. ಯಾವುದು ಅಂತ ನಿನಗೆ ಹೇಳಬೇಕಾಗಿಲ್ಲ.

ಅಪ್ಪನ ಬಲಗಣ್ಣಿನ ವಿಷಯ ಫೋನಿನಲ್ಲಿ ಅರ್ಧ ಹೇಳಿದ್ದೆ. ಪೂರ್ತಿ ವಿಷಯ ಇಷ್ಟು: ಅದು ಹೋಯಿತು, ಇನ್ನು ಬರುವುದಿಲ್ಲ. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿದರು, ಸೂಜಿಯನ್ನೂ ಹಾಕಿದರು. ಒಳಗೆ ರಕ್ತ ಸೋರಿ ಪರದೆಯೇ ಕಿತ್ತುಬಂದಿದೆಯಂತೆ. ಸಕ್ಕರೆ ಕಾಯಿಲೆಯನ್ನು ಇಷ್ಟು ವರ್ಷ ಹೀಗೆ ಬಿಟ್ಟಿದ್ದು ಯಾಕೆ ಅಂತ ನನ್ನನ್ನೇ ಗದರಿದರು. ನಿಮ್ಮಪ್ಪ ಎದೆ ಸೆಟೆಸಿ, “ನಾನು ಸಕ್ಕರೆ ಮುಟ್ಟೋದೇ ಇಲ್ಲ ಡಾಕ್ಟ್ರೇ, ಬೇಕಾದ್ರೆ ಇವಳನ್ನ ಕೇಳಿ” ಅಂದರು. ನಾನು ಏನು ಹೇಳಲಿ ಮಗಳೇ, ಅದು ನಿಜವೇ ಆಗಿತ್ತು.

ನಿನಗೆ ನೆನಪಿದೆಯಲ್ಲ, ಟೀಗೆ ಸಕ್ಕರೆ ಬೇಡವೆಂದ ಮೇಲೆ ಅವರು ಮಾಡುತ್ತಿದ್ದ ಗಲಾಟೆ. ಲೋಟ ಕೈಗೆ ಬಂದ ಕೂಡಲೇ ಮೂಸಿ ನೋಡಿ, “ಚಮಚ ಸಕ್ಕರೆ ಡಬ್ಬೀಲಿ ಆಡಿದ್ದಲ್ಲ ತಾನೆ?” ಅಂತ ವಿಚಾರಣೆ. ನೆಂಟರ ಮನೆಯಲ್ಲಿ ಸಿಹಿ ಬಡಿಸಲು ಬಂದರೆ ತಟ್ಟೆಗೆ ಎರಡೂ ಕೈ ಅಡ್ಡ ಇಟ್ಟು, ದೊಡ್ಡ ತಪಸ್ವಿಯಂತೆ ಕಣ್ಣು ಮುಚ್ಚುತ್ತಿದ್ದರು. ಆದರೆ ಬೆಳಿಗ್ಗೆ ಅಂಗಡಿ ಬಾಗಿಲು ಎತ್ತಿದ ಮೇಲೆ ಏನು ನಡೆಯುತ್ತಿತ್ತು? ಪ್ರತಿ ಹಣ್ಣಿನ ರಸದ ಮೊದಲ ಲೋಟ ಅವರದು. ನಮ್ಮಲ್ಲಿ ಸಕ್ಕರೆ ಹಾಕುವುದಿಲ್ಲವಲ್ಲ, ಸಿಹಿಯೆಲ್ಲ ಹಣ್ಣಿನಿಂದಲೇ ಬರಬೇಕು. ಹಾಗಾಗಿ ಕುಡಿದು ನೋಡದೆ ಗಿರಾಕಿಗೆ ಕೊಡುವಂತಿಲ್ಲ. ಕಿತ್ತಳೆ ಹುಳಿಯಿದೆಯೇ, ಸ್ವಲ್ಪ ದ್ರಾಕ್ಷಿ ಸೇರಿಸು, ಮತ್ತೆ ಕುಡಿದು ನೋಡು. ಅನಾನಸ್ ಒಗರಾಗಿದೆಯೇ, ಸೇಬು ಸೇರಿಸು, ಮತ್ತೆ ಕುಡಿದು ನೋಡು. ಸಂಜೆ ಜಾರಿನಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ, ಅದೂ ಹೊಟ್ಟೆಗೆ. ಹೀಗೆ ದಿನವಿಡೀ ಕುಡಿದು, ರಾತ್ರಿ ಸಕ್ಕರೆಯಿಲ್ಲದ ಟೀ ಹೀರುತ್ತಾ ತನ್ನ ಕಟ್ಟುನಿಟ್ಟಿಗೆ ತಾನೇ ಭೇಷ್ ಅನ್ನುತ್ತಿದ್ದರು. “ಸಕ್ಕರೆ ಕಾರ್ಖಾನೇಲಿ ಮಾಡಿದ್ದು, ಹಣ್ಣು ಮರದಲ್ಲಿ ಬಿಟ್ಟಿದ್ದು. ಮರಕ್ಕೇನು ನಮ್ಮ ಮೇಲೆ ದ್ವೇಷಾನಾ?” ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಮಾತ್ರೆಗಳು ಡಬ್ಬಿಯಲ್ಲೇ ಉಳಿದವು. ಹಣ್ಣೇ ಔಷಧಿಯಾಗಿರುವಾಗ ಔಷಧಿ ಯಾಕೆ ಅನ್ನುವುದು ಅವರ ವಾದ.

ಅಂಗಡಿ ಮುಂದೆ ‘ಸಕ್ಕರೆ ಹಾಕಿಲ್ಲ’ ಅಂತ ಬೋರ್ಡು ಬರೆಸಿದ್ದು ಗಿರಾಕಿಗಳಿಗಾಗಿ. ಬೆಳಗಿನ ವಾಕಿಂಗ್ ಮುಗಿಸಿ ಬರುವ ಸಕ್ಕರೆ ಕಾಯಿಲೆಯವರೆಲ್ಲ ಅದನ್ನು ಓದಿ ನಮ್ಮಲ್ಲಿಗೇ ಬರುತ್ತಿದ್ದರು. ಗಿರಾಕಿಗಳು ನಂಬಿದರೋ ಬಿಟ್ಟರೋ, ಬರೆಸಿದವರಂತೂ ಪೂರ್ತಿ ನಂಬಿಬಿಟ್ಟರು. ಬೋರ್ಡಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಕಷ್ಟ. ಸುಳ್ಳಾಗಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿತ್ತು.

ಆ ಬೆಳಿಗ್ಗೆ ನೀನು ಹೇಳಿದ್ದು ತಪ್ಪಲ್ಲ. ರಜೆಗೆ ಬಂದವಳು, ನಿವೃತ್ತ ಮೇಷ್ಟ್ರು ಎರಡನೇ ಲೋಟಕ್ಕೆ ಕೈ ಚಾಚಿದ್ದನ್ನು ನೋಡಿ ತಡೆಯಲಾರದೆ ಹೇಳಿಬಿಟ್ಟೆ. “ಅಪ್ಪಾ, ಹಣ್ಣಲ್ಲಿರೋದೂ ಸಕ್ಕರೇನೇ. ಕಚ್ಚಿ ತಿಂದ್ರೆ ನಾರು ಇರುತ್ತೆ, ನಿಧಾನಕ್ಕೆ ರಕ್ತಕ್ಕೆ ಸೇರುತ್ತೆ, ಒಂದು ಹಣ್ಣಿಗೇ ಹೊಟ್ಟೆ ತುಂಬುತ್ತೆ. ನೀನು ನಾಕು ಹಣ್ಣು ಹಿಂಡಿ ನಾರೆಲ್ಲ ಬುಟ್ಟಿಗೆಸೆದು ಬರೀ ಸಕ್ಕರೆ ನೀರು ಕೊಡ್ತಿದೀಯ. ಇವರಿಗೂ ಕೊಡ್ತಿದೀಯ, ನೀನೂ ಕುಡೀತಿದೀಯ.” ಎಷ್ಟು ಸರಿಯಾಗಿ ಹೇಳಿದೆ! ಆದರೆ ಕೋಣೆಯೊಳಗೆ ಹೇಳಬಹುದಿತ್ತು ಮಗಳೇ. ಮೇಷ್ಟ್ರು ಲೋಟ ಅಲ್ಲೇ ಇಟ್ಟರು. ಜೊತೆಯಲ್ಲಿದ್ದವರು ಒಬ್ಬೊಬ್ಬರೇ ಕಾಲು ಕಿತ್ತರು. ನಿಮ್ಮಪ್ಪನ ಮುಖ ಕಿತ್ತಳೆ ಸಿಪ್ಪೆಯ ಹಾಗೆ ಮುದುಡಿತು. “ಅಂಗಡಿ ಅನ್ನ ತಿಂದು ಓದಿದೋಳು ಅಂಗಡಿಗೇ ಕಲ್ಲು ಹಾಕ್ತೀಯಾ? ಹೋಗು, ನಿನ್ನ ರೋಗಿಗಳಿಗೆ ಹೇಳು” ಅಂದರು. ನೀನು ಅವತ್ತೇ ಚೀಲ ಹಿಡಿದು ಹೊರಟೆ. ಅಪ್ಪ ಒಂದು ಕಲ್ಲು, ಮಗಳು ಇನ್ನೊಂದು ಕಲ್ಲು, ನಡುವೆ ನಾನು ಹಿಟ್ಟಾಗುತ್ತಿದ್ದೇನೆ.

ಈಗಿನದನ್ನು ಕೇಳು. ಕಣ್ಣು ಹೋದ ದಿನ ಆಸ್ಪತ್ರೆಯಿಂದ ಬಂದವರೇ ಬೋರ್ಡು ಇಳಿಸಲು ಹೇಳಿದರು. ಎದುರಿನ ದರ್ಜಿ ಏಣಿ ತಂದು ಇಳಿಸಿಕೊಟ್ಟ. ಜ್ಯೂಸ್ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆವು. ಈಗ ನಾನು ಇಡೀ ಹಣ್ಣು ಮಾತ್ರ ಮಾರುತ್ತೇನೆ. ಇಲ್ಲಿಯವರೆಗೆ ಸರಿ. ಆದರೆ ನಿಮ್ಮಪ್ಪ ಯಾವುದನ್ನು ತಾನೆ ಅರ್ಧಕ್ಕೆ ಮಾಡಿದವರು? ಮೊದಲು ಹಣ್ಣು ಅಮೃತವಾಗಿತ್ತು, ಈಗ ವಿಷ. ಒಂದು ಹೋಳು ಬಾಯಿಗಿಡುವುದಿಲ್ಲ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ, ದಿನಕ್ಕೊಂದು ಸಣ್ಣ ಹಣ್ಣು ಕಚ್ಚಿ ತಿನ್ನಲಿ, ಅದು ಒಳ್ಳೆಯದೇ, ಬೇಡವೆಂದವರು ಯಾರು ಅಂತ. ಇವರು ಕೇಳಬೇಕಲ್ಲ! “ಮಗಳು ಹೇಳಿದಾಳೆ, ಹಣ್ಣಲ್ಲಿರೋದೂ ಸಕ್ಕರೇನೇ.” ನಿನ್ನ ಮಾತಿನ ಮೊದಲ ತುಂಡನ್ನು ಮಾತ್ರ ಹಿಡಿದುಕೊಂಡಿದ್ದಾರೆ, ಕಚ್ಚಿ ತಿಂದರೆ ಪರವಾಗಿಲ್ಲ ಅಂದಿದ್ದು ಆ ಸಿಟ್ಟಿನಲ್ಲಿ ಕಿವಿಗೇ ಬಿದ್ದಿಲ್ಲ. ಅಂಗಡಿ ಮುಂದೆ ಸ್ಟೂಲು ಹಾಕಿಸಿಕೊಂಡು ಕೂತು ಬಂದವರಿಗೆಲ್ಲ ಉಪದೇಶ: ದ್ರಾಕ್ಷಿ ಬೇಡ, ಅದು ಸಕ್ಕರೆ ಮೂಟೆ. ಬಾಳೆಹಣ್ಣು ಯಾಕೆ, ಮನೇಲಿ ಸಕ್ಕರೆ ಇಲ್ವಾ? ಮೊನ್ನೆ ಒಬ್ಬ ಬಸುರಿ ಹೆಂಗಸು ಸೇಬು ಆರಿಸುತ್ತಿದ್ದಳು, ಅವಳನ್ನೂ ಹೆದರಿಸಿ ಕಳಿಸಿದರು. ಹಣ್ಣಿನ ಅಂಗಡಿಯವನೇ ಹಣ್ಣು ತಿನ್ನಬೇಡಿ ಅನ್ನುವುದನ್ನು ಬೇರೆಲ್ಲಾದರೂ ಕಂಡಿದ್ದೀಯಾ? ನನಗೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಮೇಷ್ಟ್ರು ಆಮೇಲೆ ಬರಲೇ ಇಲ್ಲ. ಅವರ ಕಾಲಿನ ಬೆರಳಿಗೆ ಗಾಯವಾಗಿ ಮಾಯುತ್ತಿಲ್ಲವಂತೆ, ದರ್ಜಿ ಹೇಳಿದ. ಅದನ್ನು ಕೇಳಿದ ಮೇಲೆ ನಿಮ್ಮಪ್ಪ ಎರಡು ದಿನ ಅಂಗಡಿ ಮುಂದೆ ಬಂದು ಕೂರಲಿಲ್ಲ. “ಅವರಿಗೆ ದಿನಾ ಎರಡು ಲೋಟ ಕುಡಿಸಿದೋನು ನಾನು. ಎರಡನೇದು ಅವರು ಕೇಳ್ತಿರ್ಲಿಲ್ಲ, ನಾನೇ ಪ್ರೀತಿಗೆ ಹಾಕ್ತಿದ್ದೆ” ಅಂದರು. ಜ್ಯೂಸಿನಿಂದಲೇ ಆಯಿತು ಅಂತ ಯಾರು ಹೇಳಬಲ್ಲರು, ಅವರ ವಯಸ್ಸು, ಅವರ ಮೈ, ಅವರ ಹಣೆಬರಹ ಅಂತ ನಾನು ಏನೇನೋ ಸಮಾಧಾನ ಹೇಳಿದೆ. ಒಂದೂ ನಾಟಲಿಲ್ಲ.

ಈ ಪ್ಯಾರಾ ಅವರಿಗೆ ಓದುವುದಿಲ್ಲ. ಎಡಗಣ್ಣೂ ಅದೇ ದಾರಿಯಲ್ಲಿದೆ ಅಂತ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಇದ್ದಷ್ಟು ದಿನ ಇರುತ್ತದೆ, ಕಾಪಾಡಲು ನೋಡೋಣ, ಆಸೆ ಇಟ್ಟುಕೊಳ್ಳಬೇಡಿ ಅಂದರು. ಇವರಿಗೆ ಅದು ಗೊತ್ತಿಲ್ಲ. ಈಗ ಹಣ್ಣು ಬಿಟ್ಟಿದ್ದಕ್ಕೆ ಪ್ರತಿಫಲವಾಗಿ ಬಲಗಣ್ಣೂ ತಿರುಗಿ ಬರುತ್ತದೆ ಅಂತ ಗಟ್ಟಿಯಾಗಿ ನಂಬಿದ್ದಾರೆ. ಬೆಳಿಗ್ಗೆ ಎದ್ದವರೇ ಎಡಗಣ್ಣು ಮುಚ್ಚಿ, ಬಲಗಣ್ಣು ತೆರೆದು, ಕಿಟಕಿ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಕೂರುತ್ತಾರೆ. ಆಮೇಲೆ ಮುಖ ತೊಳೆಯಲು ಹೋಗುತ್ತಾರೆ. ಅದನ್ನು ನೋಡಲಾಗದೆ ನಾನು ಆ ಹೊತ್ತಿಗೆ ಪಾತ್ರೆ ತೊಳೆಯಲು ಎದ್ದು ಹೋಗುತ್ತೇನೆ. ನಿನ್ನ ಹತ್ತಿರ ಮುಚ್ಚಿಡುವುದೇನು, ನನಗೆ ಯಾವ ಆಸೆಯೂ ಉಳಿದಿಲ್ಲ. ಎಷ್ಟು ಅತ್ತರೂ ಆ ಲೋಟಗಳು ಹಿಂದಕ್ಕೆ ಬರುವುದಿಲ್ಲ. ತಿನ್ನಬಾರದಾಗ ತಿಂದರು, ತಿನ್ನಬಹುದಾದಾಗ ಬಿಟ್ಟರು. ಮೈ ಸೊರಗಿ ಅಂಗಿ ತೂಗು ಹಾಕಿದ ಹಾಗೆ ಕಾಣುತ್ತದೆ. ಇನ್ನು ನಮ್ಮಿಬ್ಬರಿಗೆ ಉಳಿದಿರುವುದು ಕತ್ತಲೆಗೆ ಕಾಯುವುದು ಅಷ್ಟೇ.

ಇಲ್ಲಿಂದ ಮುಂದೆ ಅವರಿಗೂ ಓದಬಹುದು. ನಿನ್ನಿಂದ ಒಂದು ಉಪಕಾರವಾಗಬೇಕು. ಊಟದ ನಂತರ ಒಂದು ಹೋಳು ಪಪ್ಪಾಯ ತಿಂದರೆ ಏನೂ ಆಗುವುದಿಲ್ಲ ಅಂತ ನಿನ್ನ ಕೈಯಲ್ಲೇ ಬರೆದು ಕಳಿಸು. ಡಾಕ್ಟರ ಮಾತು ನಡೆಯುವುದಿಲ್ಲ, ನನ್ನದಂತೂ ಕೇಳುವುದೇ ಬೇಡ, ಅವರಿಗೆ ಈಗ ನೀನೊಬ್ಬಳೇ ಡಾಕ್ಟ್ರಮ್ಮ. ಮೊದಲು ನಿನ್ನನ್ನು ಕರೆಯುತ್ತಿದ್ದ, ಇಷ್ಟು ದಿನ ಮರೆತಿದ್ದ ಆ ಹೆಸರು ಮತ್ತೆ ಬಾಯಿಗೆ ಬಂದಿದೆ. ನೀನು ಇನ್ನೂ ಸಿಟ್ಟಿನಲ್ಲಿದ್ದೀಯೋ ಏನೋ ಅಂತ ನನ್ನನ್ನು ಸುತ್ತಿ ಬಳಸಿ ಕೇಳುತ್ತಾರೆ. ನೇರವಾಗಿ ಕೇಳಿದರೆ ಅವರ ಗಂಟೇನು ಹೋಗುತ್ತದೋ! “ಸಣ್ಣಗಾಗಿದಾಳಾ ದಪ್ಪಗಾಗಿದಾಳಾ ಅಂತ ನೀನು ಹೇಳ್ಬೇಡ, ಬಂದಾಗ ನಾನೇ ನೋಡ್ತೀನಿ” ಅನ್ನುತ್ತಾರೆ.

ಈಗ ಪಕ್ಕದಿಂದ ಹೇಳಿ ಬರೆಸುತ್ತಿದ್ದಾರೆ, ಹಾಗೇ ಬರೆಯುತ್ತೇನೆ: “ಎಡಗಣ್ಣು ಚೆನ್ನಾಗಿದೆ ಅಂತ ಬರಿ. ಎದುರಿನ ದರ್ಜಿ ಅಂಗಡಿ ಬೋರ್ಡು ಇಲ್ಲಿಂದಾನೇ ಓದ್ತೀನಿ ಅಂತ ಬರಿ. ಹಣ್ಣು ಮುಟ್ಟಿಲ್ಲ ಅಂತ ಬರಿ. ಅವಳು ಹೇಳಿದ್ದು ಸರಿ ಅಂತ...” ಕೊನೆಯದನ್ನು ಬರೆಯಬೇಕೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದ್ದಾರೆ. ನಾನು ಬರೆದಾಯಿತು.

ನಿನಗೆ ಹಸಿವಾಗಲಿ, ನಿದ್ದೆ ಬರಲಿ, ಜೊತೆಯಲ್ಲಿ ನಗುವವರು ಯಾರಾದರೂ ಸಿಗಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನ ಹತ್ತಿರ ಇಲ್ಲ. ನಿನ್ನ ರೂಮಿನ ಗೆಳತಿಗೂ ಕೇಳಿದೆನೆಂದು ಹೇಳು.

ನಿನ್ನ ದಾರಿ ನೋಡುವ
ಅಮ್ಮ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ, ಅಕ್ಷರ ಅಡ್ಡಾದಿಡ್ಡಿಯಾದರೆ ಬೇಸರಿಸಬೇಡ. ನಿನ್ನೆ ಕಾಗದ ಓದಿ ಹೇಳಿದೆ. ಹಾರಿಸಿದ್ದು ಅವರಿಗೆ ತಿಳಿಯಲಿಲ್ಲ. ಮುಗಿದ ಮೇಲೆ “ಕೊಡಿಲ್ಲಿ, ನಾನೂ ಒಂದ್ಸಲ ನೋಡ್ತೀನಿ” ಅಂದರು. ಓದಿಬಿಟ್ಟರೆ ಗತಿಯೇನು? ಗಡಿಬಿಡಿಯಲ್ಲಿ ಕೆಳಗಿದ್ದ ಖಾಲಿ ಹಾಳೆ ಕೊಟ್ಟೆ, ಬೈದರೆ ಏನಾದರೂ ನೆಪ ಹೇಳೋಣವೆಂದು. ಅವರು ಕಿಟಕಿಯ ಬೆಳಕಿಗೆ ತಿರುಗಿ, ಹಾಳೆಯ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ ಕೆಳಗಿನವರೆಗೂ ಬಂದು, “ಅಕ್ಷರ ದುಂಡಗಿದೆ. ಕಳಿಸು” ಅಂತ ವಾಪಸು ಕೊಟ್ಟರು. ನೀನು ಈಗ ಓದುತ್ತಿರುವುದು ಅದೇ ಹಾಳೆ. ಎಡಗಣ್ಣೂ ಹೋಗಿದೆ ಮಗಳೇ, ಎಂದು ಹೋಯಿತೋ ನನಗೆ ಗೊತ್ತಿಲ್ಲ. ಗೊತ್ತಾಯಿತು ಅಂತ ನಾನೂ ತೋರಿಸಿಕೊಂಡಿಲ್ಲ. ಇವತ್ತು ಏನಾದರೂ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಡಾಕ್ಟರು ಏನು ಹೇಳುತ್ತಾರೆಂದು ನಿನಗೂ ಗೊತ್ತು. ನೀನು ರಜೆ ಹಾಕಿ ಬಾ. ಬಂದಾಗ ಬಾಗಿಲಲ್ಲಿ ಮುಖ ಊದಿಸಿಕೊಂಡು, ಅಪ್ಪನೇ ಮೊದಲು ಮಾತಾಡಲಿ ಅಂತ ನಿಲ್ಲಬೇಡ. ನೀನು ಮಾತಾಡದೆ ನಿಂತರೆ, ಬಂದಿದ್ದೀಯ ಅಂತ ಅವರಿಗೆ ಗೊತ್ತಾಗುವುದಿಲ್ಲ.