ಹಳದಿ ಗೆರೆ

3-3-1976, ಭೂವಿಜ್ಞಾನ ಇಲಾಖೆ ಕ್ಯಾಂಪ್, ಅಜ್ಜಂಪುರ

ಬೆಳಿಗ್ಗೆ ಹನ್ನೊಂದು ಕಲ್ಲಿಗೆ ಲೇಬಲ್. ಎಲ್ಲ ಬೆಣಚು. ಬೇಸರ.

ಮಧ್ಯಾಹ್ನ ಕೇರಿಯ ಗಿಡ್ಡಪ್ಪ ಕರೆಯಲು ಬಂದ. ಊರ ಬಾವಿಗೆ ಇವರು ಬಿಂದಿಗೆ ಇಳಿಸುವಂತಿಲ್ಲ. ತಾವೇ ಸೇರಿ ಬಾವಿ ತೋಡುತ್ತಿದ್ದಾರೆ. ಇಪ್ಪತ್ತಾರು ಅಡಿಯಲ್ಲಿ ಮಿರಮಿರ ಮಿಂಚುವ ಕಲ್ಲು! ಅವನ ಹೆಂಡತಿ ಓಬಮ್ಮ ಅದಕ್ಕೆ ಅರಿಸಿನ ಬಳಿದು, ಗಂಗಮ್ಮ ಎಂದು ಪೂಜೆಗಿಟ್ಟಿದ್ದಳು. ಸೆರಗಲ್ಲಿ ಒರೆಸಿ ಕೊಟ್ಟಳು.

ಯಾವ ಬಣ್ಣದ ಗೆರೆ ಬೀಳುತ್ತದೋ ನೋಡಲು ಪಿಂಗಾಣಿ ಬಿಲ್ಲೆಗೆ ಉಜ್ಜಿದೆ — ಹಳದಿ ಗೆರೆ! ಚಿನ್ನದಂತೆ ಮಿಂಚಿ ಮೋಸ ಮಾಡುವ ಪೈರೈಟ್ ಆಗಿದ್ದರೆ ಕಪ್ಪು ಬರಬೇಕು. ಇದು ಚಿನ್ನವೇ... ಚಿನ್ನ ಮೆತ್ತಗೆ, ಗೀರು ಬೀಳುತ್ತದೆ; ಗೀರಿ ನೋಡೋಣ ಎಂದು ಚಾಕು ತೆಗೆದೆ.

"ಅಯ್ಯೋ, ಗಂಗಮ್ಮನ ಮೈಗೆ ಚಾಕು ಹಾಕ್‌ಬ್ಯಾಡಿ ಸ್ವಾಮಿ!" ಎಂದಳು ಓಬಮ್ಮ.

ಬಿಟ್ಟೆ. ಕಲ್ಲನ್ನು ಅವಳ ಕೈಗೇ ಕೊಟ್ಟೆ. ಸಂಜೆಯೇ ಚಿನ್ನ ಎಂದು ಸಾಹೇಬರಿಗೆ ವರದಿ ಕಳಿಸಿಬಿಟ್ಟೆ.

15-3

ಆರ್ಡರ್ ಬಂತು. ಚಿನ್ನದ ಜಾಗ, ಬಾವಿ ತೋಡುವಂತಿಲ್ಲ. ಸುತ್ತ ಮುಳ್ಳುತಂತಿ.

"ನೀರು ಜಿನುಗ್ತಿತ್ತು ಸ್ವಾಮಿ. ಇನ್ನೆರಡು ಮೊಳ ಅಷ್ಟೇಯ," ಅಂದ ಗಿಡ್ಡಪ್ಪ. ನನ್ನ ಮುಖ ನೋಡಲಿಲ್ಲ.

ನನಗೆ ಸಾಹೇಬರಿಂದ ಶಹಬ್ಬಾಸ್. ಕೆಲಸ ಕಾಯಂ ಮಾಡಿಸುತ್ತಾರಂತೆ.

2-4

ಓಬಮ್ಮ ಕಲ್ಲನ್ನೇ ತಂದು ಟೇಬಲ್ ಮೇಲಿಟ್ಟಳು. "ನೀವೇ ಮಡಿಕ್ಕಳಿ. ಬಾವಿ ಬಿಡ್ಸಿಕೊಡಿ."

ಅವಳು ಹೋದ ಮೇಲೆ ನೀರಲ್ಲಿ ನೆನೆಸಿ ಬ್ರಷ್ ಹಾಕಿ ತಿಕ್ಕಿದೆ. ನೀರು ಹಳದಿಯಾಯಿತು. ಮತ್ತೆ ಬಿಲ್ಲೆಗೆ ಉಜ್ಜಿದೆ — ಕಪ್ಪು. ಚಾಕುವಿನಿಂದ ಗೀರಿದೆ, ಕಲ್ಲಿಗೆ ಏನೂ ಆಗಲಿಲ್ಲ. ಬರೀ ಪೈರೈಟ್. ಅವತ್ತು ನಾನು ಕಂಡದ್ದು ಸಂದಿಯಲ್ಲಿ ಕೂತಿದ್ದ ಅರಿಸಿನ.

ಥೂ! ನನ್ನ ಎಂ.ಎಸ್ಸಿ.ಗೆ ಬೆಂಕಿ ಹಾಕ.

3-4

ಸಾಹೇಬರಿಗೆ ಹೇಳಿದೆ. ಬಾಗಿಲು ಹಾಕಿಸಿದರು.

"ನೋಡಪ್ಪಾ, ಕೇರಿಯವರು ಕಲ್ಲು ಬದಲಾಯಿಸಿ ಮೋಸ ಮಾಡಿದ್ರು ಅಂತ ಬರ್ಕೊಡು. ಇಲ್ದಿದ್ರೆ ನಿನ್ನ ಕೆಲಸ ಹೋಯ್ತು ಅನ್ಕೋ."

"ಗಿಡ್ಡಪ್ಪನ ಮೇಲೆ ಕೇಸ್ ಆಗಲ್ವಾ ಸಾರ್?"

"ಆಗ್ಲಿ ಬಿಡು."

ಮೂರು ವರ್ಷ ಅಲೆದು ಸಿಕ್ಕ ಕೆಲಸ. ಹೆದರಿಕೆಯಾಗುತ್ತಿದೆ.

5-4, ಬೆಳಿಗ್ಗೆ 8

ಊರ ಬಾವಿಯಿಂದ ಮಾರು ದೂರದಲ್ಲಿ ಓಬಮ್ಮ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು, ಯಾರಾದರೂ ಸೇದಿ ಹೊಯ್ಯಲಿ ಎಂದು. ಸೇದಿದವರೆಲ್ಲ ತಮ್ಮ ಕೊಡ ಎತ್ತಿಕೊಂಡು ಹೋದರು.

"ಯಾವಾಗ ಬಿಡ್ತಾರೆ ಸ್ವಾಮಿ?"

"ಇವತ್ತು ಬರೀತೀನಿ ಓಬಮ್ಮ." ಏನು ಬರೆಯುತ್ತೇನೆ ಎಂದು ಹೇಳಲಾಗಲಿಲ್ಲ. ನಾಚಿಕೆ.

ಈಗ ಹಾಳೆ ತೆಗೆದೆ. 'ಕೇರಿಯವರು' ಎಂದು ಬರೆದೆ. ಹರಿದೆ. ಇನ್ನೊಂದು ಹಾಳೆ. ಮೊದಲು ಈ ಡೈರಿಯಲ್ಲೇ ಬರೆದು ನೋಡುತ್ತೇನೆ —

ಮಾನ್ಯರೇ, ಸದರಿ ಕಲ್ಲನ್ನು ಯಾರೂ ಬದಲಾಯಿಸಿಲ್ಲ. ಪರೀಕ್ಷೆ ಪೂರ್ತಿ ಮಾಡದೆ ವರದಿ ಕಳಿಸಿದ್ದು ನಾನು...