ತಂತಿ ಬಿಗಿಯಬೇಡ

ನವೆಂಬರ್ ೧೪, ಮಂಗಳವಾರ
ಅಂಗಡಿಯಿಂದ

ಮೊಂಡೀ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪುರುಸೊತ್ತು ಬೇಕಾದಷ್ಟಿದೆ. ಬರೆದೆ, ಹರಿದೆ, ಮತ್ತೆ ಬರೆದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಯಲ್ಲಿ ಉಳಿ ಕೂತಷ್ಟು ಸಲೀಸಾಗಿ ಪೆನ್ನು ಕೂರುವುದಿಲ್ಲ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನು ಎತ್ತುವುದಿಲ್ಲ ಎಂದು ಬೈದಿದ್ದೀಯ. ಆ ಡಬ್ಬದ ಜೊತೆ ಮಾತಾಡುವುದು ನನಗೆ ಆಗುವುದಿಲ್ಲ, ಬಿಡು.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಹಾಗೇ ಇದೆ. ಮುಂದಿನ ಹಲ್ಲು ಮೂರು ಉಳಿದಿವೆ. ರಿಪೇರಿಗೆ ಬರುವವರು ಕಡಿಮೆಯಾಗಿದ್ದಾರೆ. ಹೋದ ವಾರ ಪಿಟೀಲು ಮೇಷ್ಟ್ರು ವಾದ್ಯವನ್ನು ವಾಪಸು ತಂದು ಮೇಜಿನ ಮೇಲೆ ಕುಕ್ಕಿ, ಏನೋ ಗೊಣಗಿಕೊಂಡು ಹೋದರು. ಹೋಗಲಿ. ಪಕ್ಕದ ಹೊಲಿಗೆಯವಳು ಮಾತ್ರ ದಿನಾ ಬಂದು ಬೆನ್ನಿಗೆ ಗುದ್ದಿ, ಉಂಡೆನೋ ಇಲ್ಲವೋ ಎಂದು ವಿಚಾರಿಸುತ್ತಾಳೆ. ನಿನ್ನ ಬಗ್ಗೆ ಪೇಪರಿನಲ್ಲಿ ಬಂದದ್ದನ್ನೆಲ್ಲ ತಂದು ಮೂಗಿಗೆ ಹಿಡಿಯುವವಳೂ ಅವಳೇ.

ಬ್ಲೂಸ್ ಗಿಟಾರಿನಲ್ಲಿ ಹೊಸ ದನಿ ಎಂದು ಬರೆದಿದ್ದಾರೆ. ಸಡಿಲ ಬಿಟ್ಟ ತಂತಿ, ಎಳೆದೆಳೆದು ನುಡಿಯುವ ಸ್ವರ, ಕೆಳಗಿನ ತಂತಿಯ ಗುರುಗುಟ್ಟುವಿಕೆ, ಇದೆಲ್ಲ ಆಳವಾದ ಚಿಂತನೆಯಿಂದ ಬಂದದ್ದಂತೆ. ಚಿಂತನೆಯಂತೆ, ಚಿಂತನೆ. ಅಂಗಡಿಯ ರೆಕಾರ್ಡ್ ಪ್ಲೇಯರಿನ ಬೆಲ್ಟು ಸಡಿಲಾಗಿತ್ತು, ನಾನು ಸೋಮಾರಿ, ಬದಲಿಸಲಿಲ್ಲ. ಎಲ್ಲ ಹಾಡೂ ತೂಕಡಿಸಿಕೊಂಡು, ಇರಬೇಕಾದ್ದಕ್ಕಿಂತ ಕೆಳಗಿನ ಶ್ರುತಿಯಲ್ಲಿ ಬರುತ್ತಿತ್ತು. ಅದಕ್ಕೆ ಸರಿಹೊಂದುವವರೆಗೆ ನೀನು ತಂತಿ ಇಳಿಸಿಕೊಂಡು ಕೂರುತ್ತಿದ್ದೆ. ಒಂಬತ್ತು ವರ್ಷದವಳು. ಒಂದು ದಿನ ಗೆಳತಿಯ ಮನೆಯಲ್ಲಿ ಅದೇ ರೆಕಾರ್ಡು ಕೇಳಿ ಅಳುತ್ತಾ ಬಂದೆ. "ಮಾವ, ಅವ್ರ ಮನೇಲಿ ಹಾಡು ಓಡೋಗ್ತಿದೆ" ಅಂದೆ. ಇದನ್ನು ಪೇಪರಿನವರಿಗೆ ಹೇಳು, ಬರೆದುಕೊಳ್ಳಲಿ.

ನಿನ್ನ ಹೆಬ್ಬೆರಳಿನ ಪೆಟ್ಟು ಯಾರಿಂದ ಕಲಿತದ್ದು ಎಂದೂ ಯಾರೋ ಕೇಳಿದ್ದಾರೆ. ನೀನು ನಕ್ಕು ಸುಮ್ಮನಾದೆಯಂತೆ. ಯಾಕೆ ಸುಮ್ಮನಾಗಬೇಕು? ಅದು ನಿನ್ನ ಅಮ್ಮನ ಇಸ್ತ್ರಿಪೆಟ್ಟಿಗೆ. ಅಂಗಡಿಯ ಹಿಂದಿನ ಲಾಂಡ್ರಿಯಲ್ಲಿ ಅವಳು ದಿನಕ್ಕೆ ಇನ್ನೂರು ಚಾದರ ಇಸ್ತ್ರಿ ಮಾಡುತ್ತಾ ಮೇಜಿನ ಮೇಲೆ ಧಬ್, ಧಬ್ ಎಂದು ಪೆಟ್ಟಿಗೆ ಇಡುತ್ತಿದ್ದಳಲ್ಲ, ಅದೇ ಲೆಕ್ಕ. ನಡುವೆ ಕೆಮ್ಮು ಬಂದರೂ ಪೆಟ್ಟು ತಪ್ಪುತ್ತಿರಲಿಲ್ಲ. ಕಿರುಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುತ್ತೀಯಲ್ಲ ಆ ಗಾಜಿನ ಕೊಳವೆ, ಅದು ಅವಳ ಕೊನೆಯ ಔಷಧದ ಬಾಟಲಿಯ ಕತ್ತು. ಅದರ ಅಂಚು ಉಜ್ಜಿ ನಯ ಮಾಡಲು ನನಗೆ ಎರಡು ದಿನ ಹಿಡಿಯಿತು. ನನ್ನ ತಂಗಿಯನ್ನು ಕಳಿಸಿಕೊಟ್ಟ ಮೇಲೆ ಕೈಗೆ ಏನಾದರೂ ಕೆಲಸ ಬೇಕಿತ್ತು.

ಈಗ ನಿನ್ನ ವಿಷಯ. ಒಂದನೇ ತಾರೀಖಿನಿಂದ ಮೂವತ್ತು ಊರು ಸುತ್ತಬೇಕು, ಡ್ರಮ್ಮು, ಪಿಯಾನೊ ಎಲ್ಲ ಇರುತ್ತದೆ, ಅದಕ್ಕೆ ಸರಿಯಾಗಿ ತಂತಿ ಏರಿಸು ಎಂದು ಕಂಪನಿಯವನು ಹೇಳಿದ್ದಾನೆ ಎಂದು ಬರೆದಿದ್ದೀಯ. ಪಿಯಾನೊ ಇಳಿಯುವುದಿಲ್ಲ, ನೀನೇ ಏರಬೇಕು ಅಂದನಂತೆ. ಅವನ ತಲೆ. ನಿನ್ನನ್ನು ಕರೆದದ್ದೇ ಆ ಸಡಿಲಕ್ಕೆ, ಈಗ ಬಿಗಿ ಅಂದರೆ? ಬೇಕಾದರೆ ಬೇರೆ ಗಿಟಾರು ಕೊಡಿಸಲಿ. ನಾನು ಮಾಡಿಕೊಟ್ಟದ್ದರ ಬಿರಡೆಯನ್ನು ಒಂದು ಸುತ್ತೂ ತಿರುಗಿಸಕೂಡದು. ಮಾವನದು ಯಾವಾಗಲೂ ಇದೇ ರಗಳೆ ಅನ್ನುತ್ತೀಯ. ಅನ್ನು. ಆದರೆ ತಿರುಗಿಸಬೇಡ.

ನಾನು ನಿನ್ನ ಕಾರ್ಯಕ್ರಮಕ್ಕೆ ಬಂದಿದ್ದೆನಲ್ಲ, ಆವತ್ತಿನದು ಇನ್ನೊಂದು ಕೇಳಿದ್ದೀಯ. "ಅಷ್ಟು ಕೆಟ್ಟದಾಗಿ ನುಡಿಸಿದೆನಾ ಮಾವ, ಎಲ್ಲರೆದುರು ಟಿಕೆಟ್ ಬಿಸಾಕಿ ಎದ್ದು ಹೋಗೋಷ್ಟು?" ಕೆಟ್ಟದಾಗಿ ನುಡಿಸುವವಳಲ್ಲ ನೀನು. ಸೆಕೆಯಿತ್ತು. ಮಂಡಿ ಹಿಡಿದುಕೊಂಡಿತ್ತು. ಅಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು. ಬೆರಳಿನ ಚರ್ಮ ಒಡೆದರೆ ಎರಡು ದಿನ ಗಿಟಾರು ಮುಟ್ಟಬೇಡ. ನಿನ್ನ ಅಮ್ಮನ ಕೆಮ್ಮು ನಿನ್ನ ಹತ್ತಿರ ಸುಳಿಯದಿರಲಿ, ಗಂಟಲು ನೂರು ವರ್ಷ ಗಟ್ಟಿಯಾಗಿರಲಿ.

ನಿನ್ನ ಮಾವ

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮಂಡಿಯ ಮಾತು ಸುಳ್ಳು.

ನನಗೆ ಕಿವಿ ಕೇಳಿಸುವುದಿಲ್ಲ. ಎರಡು ವರ್ಷವಾಯಿತು. ಹೊಲಿಗೆಯವಳೊಬ್ಬಳಿಗೆ ಗೊತ್ತು. ಕಿವುಡನ ಕೈಗೆ ವಾದ್ಯ ಕೊಡುವವರು ಯಾರು? ನಾನೇ ಮಾತಾಡುತ್ತಾ ಇದ್ದರೆ ಎದುರಿನವರಿಗೆ ತಿಳಿಯುವುದಿಲ್ಲ, ಸಿಡುಕಿದರಂತೂ ಯಾರೂ ಎರಡನೇ ಸಲ ಕೇಳುವುದಿಲ್ಲ. ಗಿಟಾರಿನ ಕತ್ತು ಕಚ್ಚಿ ಹಿಡಿದು ತಂತಿ ಮೀಟುತ್ತೇನೆ. ಹಲ್ಲಿನಲ್ಲಿ ಸ್ವಲ್ಪ ತಿಳಿಯುತ್ತದೆ.

ಆವತ್ತು ನಿನ್ನ ಹೆಬ್ಬೆರಳು ನೋಡುತ್ತಾ ಕೂತಿದ್ದೆ. ಪೆಟ್ಟು ಎಣಿಸುತ್ತಿದ್ದೆ, ಒಂದೂ ತಪ್ಪಲಿಲ್ಲ. ಆಮೇಲೆ ನಿನ್ನ ತುಟಿ ಅಲ್ಲಾಡಿತು. ಎಲ್ಲರೂ ನನ್ನ ಕಡೆ ತಿರುಗಿ ಹಲ್ಲು ಕಿಸಿದರು. ಲೈಟು ನನ್ನ ಮುಖಕ್ಕೇ ಬಿತ್ತು. ದೊಡ್ಡವರ ಕುರ್ಚಿಯಲ್ಲಿ ಕೂತಿದ್ದೇನೆಂದು ಏಳಿಸುತ್ತಿದ್ದಾರೆ ಅಂದುಕೊಂಡೆ. "ಟಿಕೆಟ್ ಇದೆ ಕಣ್ರೀ, ನೋಡ್ಕೊಳ್ಳಿ" ಎಂದು ಎಸೆದು ಹೊರಟೆ. ಮಾರನೆಯ ದಿನ ಹೊಲಿಗೆಯವಳು ಪೇಪರಿನ ಸಾಲಿನ ಮೇಲೆ ಬೆರಳಿಟ್ಟಳು. ಈ ಹಾಡು ನನ್ನ ಮಾವನದು, ಅಲ್ಲಿ ಕೂತಿದ್ದಾರೆ, ಅಂದಿದ್ದೆಯಂತೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹೋದ ವರ್ಷ ನೀನು ಗಿಟಾರು ತಂದಾಗ ಮೇಲಿನ ಹಲಗೆಗೆ ಆಧಾರ ಕೊಡುವ ಒಳಗಿನ ಮರದ ಪಟ್ಟಿ ಬಿಟ್ಟುಕೊಂಡಿತ್ತು. ಅಂಟು ಹಾಕಿದೆ. ಅಂಟು ಒಣಗಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಹಿಡಿದಿದ್ದರೆ ಠಣ್ ಅನ್ನುತ್ತದೆ, ಹಿಡಿಯದಿದ್ದರೆ ಮೊದ್ದು ಸದ್ದು. ನಾನು ತಟ್ಟಿದೆ. ನನಗೆ ಎರಡೂ ಕೇಳಿಸಲಿಲ್ಲ. ಆದರೂ ಸರಿಯಾಗಿದೆ ತಗೊಂಡು ಹೋಗು ಅಂದೆ. ಪೇಪರಿನವರು ಹೊಗಳುವ ಆ ಗುರುಗುಟ್ಟುವಿಕೆ ಇದೇ ಇರಬೇಕು, ಅಲ್ಲಾಡುವ ಪಟ್ಟಿಯದು. ತಂತಿ ಸಡಿಲವಿರುವುದಕ್ಕೆ ಇಲ್ಲಿಯವರೆಗೆ ಉಳಿದಿದೆ. ಬಿಗಿದರೆ ಮೇಲಿನ ಹಲಗೆ ಕುಸಿದು ನಿನ್ನ ತೊಡೆಯ ಮೇಲೆ ಚೂರಾಗುತ್ತದೆ.

ನನ್ನ ಹತ್ತಿರ ತರಬೇಡ. ಸೇತುವೆಯಾಚೆ ವಾದ್ಯ ರಿಪೇರಿ ಮಾಡುವ ಆ ಕನ್ನಡಕದವನ ಬಳಿ ಹೋಗು. ನನ್ನ ಹತ್ತಿರವೇ ಕಲಿತವನು. ರೆಕಾರ್ಡ್ ಪ್ಲೇಯರಿನ ಆ ಬೆಲ್ಟಿನ ವಿಷಯಕ್ಕೆ ನನ್ನನ್ನು ಆಡಿಕೊಂಡನೆಂದು ಅಂಗಡಿಯಿಂದ ಓಡಿಸಿದ್ದೆ. ನಾನೇ ಕಳಿಸಿದೆ ಅನ್ನು. ಒಳಗಿನ ಎರಡನೇ ಪಟ್ಟಿಯ ಹತ್ತಿರ ತಟ್ಟಿ ನೋಡಲು ಹೇಳು. ಅವನಿಗೆ ಕೇಳಿಸುತ್ತದೆ.