ಹುಮನಾಬಾದದ ಬೋರ್ಡಿನಲ್ಲಿ ಸೀರೆ ಉಟ್ಟವಳು

ಅಪ್ಪಾ,

ನೀನು ಹೋದಮೇಲೆ ನಿನ್ನ ಹತ್ತಿರ ಮಾತಾಡುವುದು ಸಲೀಸಾಗಿದೆ. ಎದುರಿಗಿದ್ದಾಗ ಇಬ್ಬರೂ ನೆಲ ನೋಡುತ್ತಿದ್ದೆವಲ್ಲ. ಬಸವಕಲ್ಯಾಣದ ನಮ್ಮ ಬಟ್ಟೆ ಅಂಗಡಿಯಲ್ಲಿ, ನಿನ್ನ ಗಾದಿಯ ಮೇಲೆಯೇ ಕೂತು ಬರೆಯುತ್ತಿದ್ದೇನೆ. ಗಿರಾಕಿ ಬಂದರೆ ನಿಲ್ಲಿಸಬೇಕಾದೀತು.

ಹಳ್ಳಿಖೇಡದಲ್ಲಿ ಮಾಮನ ಕಬ್ಬಿನ ಹೊಲದ ಬಾವಿ ನೆನಪಿದೆಯಾ? ನನ್ನ ಬೆನ್ನಿಗೆ ಬೆಂಡು ಕಟ್ಟಿ ನೀರಿಗೆ ಬಿಟ್ಟವನು ನೀನು. ಲಂಗದಲ್ಲಿ ಗಾಳಿ ತುಂಬಿಕೊಂಡು ನಾನು ತೇಲುತ್ತಿದ್ದರೆ ನೀನು ಮೆಟ್ಟಿಲ ಮೇಲೆ ಕೂತು ನಗುತ್ತಿದ್ದೆ. ನಾನು ದೊಡ್ಡವಳಾದ ಮೇಲೆ ಅವ್ವ, "ಸಾಕಿನ್ನ, ಮಂದಿ ಏನಂದಾರು?" ಎಂದಳು. ನೀನು ಮಂದಿಯ ಮಾತಿಗೆ ಸೊಪ್ಪು ಹಾಕದೆ ನನ್ನನ್ನು ಹೈದರಾಬಾದಿನ ಕ್ರೀಡಾ ಹಾಸ್ಟೆಲಿಗೆ ಸೇರಿಸಿ ಬಂದೆ. ಅಂಥ ಧೈರ್ಯ ನಿನಗೆ ಎಲ್ಲಿಂದ ಬಂದಿತ್ತು? ಆಮೇಲೆ ಎಲ್ಲಿ ಹೋಯಿತು?

ದೇಶದ ಹೆಂಗಸರ ವಾಟರ್ ಪೋಲೋ ತಂಡದಲ್ಲಿ ನನ್ನ ಹೆಸರು ಬಂದ ದಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ್ದೆ. ಆಳದ ನೀರಿನಲ್ಲಿ ಕಾಲೂರದೆ, ಒಂದೇ ಕೈಯಲ್ಲಿ ಚೆಂಡು ಹಿಡಿದು ಗೋಲಿಗೆ ಎಸೆಯುವ ಆಟ ಎಂದು ವಿವರಿಸಿದೆ. ನಾವು ಆಡಲು ಹೊರಟಿದ್ದು ಎಷ್ಟೋ ದೇಶಗಳು, ಎಷ್ಟೋ ಬಗೆಯ ಆಟಗಳು ಸೇರುವ ಕೂಟಕ್ಕೆ. "ಅಷ್ಟು ದೇಶದಾಗ ನಮ್ಮ ಹುಡುಗಿ ಅಂದ್ರ ಸಣ್ಣ ಮಾತೇನ?" ಎಂದವನೇ ನನ್ನದೊಂದು ಫೋಟೋ ತರಿಸಿಕೊಂಡೆ. ಈಜುಡುಗೆ, ಕಿವಿ ಮುಚ್ಚುವ ಟೋಪಿ, ಕೈಯಲ್ಲಿ ಹಳದಿ ಚೆಂಡು.

ಕೂಟ ಮುಗಿಸಿ ಬರುವಾಗ ಬಸ್ಸು ಹುಮನಾಬಾದದ ಸ್ಟ್ಯಾಂಡಿಗೆ ಹೊರಳಿತು. ಎದುರಿಗೇ ಬೋರ್ಡು. ಪೇಂಟರು ಬರೆದ ಆಳೆತ್ತರದ ನಾನು. ಹಸಿರು ಸೀರೆ, ಕೆಂಪು ಅಂಚು, ತುಂಬುತೋಳಿನ ಜಂಪರು. ತಲೆಯ ಮೇಲೆ ಮಾತ್ರ ಅದೇ ಟೋಪಿ, ಕೈಯಲ್ಲಿ ಅದೇ ಚೆಂಡು. ಬಸ್ಸಿನಲ್ಲಿದ್ದ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು. ನೀನು ಹಾರ ಹಿಡಿದು ಬೋರ್ಡಿನ ಕೆಳಗೆ ನಿಂತಿದ್ದೆ, ಸುತ್ತ ನಮ್ಮ ಓಣಿಯವರು. ನಾನು ಮುಖ ಎಲ್ಲಿಡಬೇಕಿತ್ತು?

"ಅಷ್ಟು ನಾಚಿಕಿ ಬರ್ತಿದ್ರ ಬೋರ್ಡ್ ಯಾಕ ಬರೆಸಿದಿ, ಅಪ್ಪಾ?" ಎಂದು ಎಲ್ಲರೆದುರಿಗೇ ಕೇಳಿಬಿಟ್ಟೆ. ಹಿರಿಯರೊಬ್ಬರು, "ಅದಿರ್ಲಿ, ಗೆದ್ದು ಬಂದೀ ಇಲ್ಲವ್ವಾ, ಅಷ್ಟು ಹೇಳು" ಎಂದು ಮಾತು ತೇಲಿಸಿದರು. "ಎಲ್ಲಾ ಸೋತೇವಿ" ಎಂದೆ, ನಿನಗೆ ನೋಯಲಿ ಎಂದೇ. ನೀನು ಹಾರವನ್ನು ನನ್ನ ಕೊರಳಿಗೆ ಹಾಕಲಿಲ್ಲ, ಕೈಗೆ ಕೊಟ್ಟೆ.

ಕಲ್ಯಾಣದ ದಾರಿಯಲ್ಲಿ, ಜೀಪಿನಲ್ಲಿ, ನೀನಾಗಿಯೇ ಬಾಯಿ ಬಿಟ್ಟೆ. "ನಾಚಿಕಿ ಬಂತವ್ವಾ, ಸುಳ್ಳು ಯಾಕ ಹೇಳ್ಲಿ. ಹೋಗೋ ಬರೋ ಮಂದಿ ನೋಡ್ತಾರಂತ ಪೇಂಟರಗ ಸೀರಿ ಉಡಸು ಅಂದೆ. ಆದ್ರ ಬೋರ್ಡ್ ಹಾಕಸದ ಇರಾಕೂ ಮನಸ್ಸಾಗಲಿಲ್ಲ."

ನಾನು ಹೊರಗೆ ನೋಡುತ್ತಾ ಕೂತೆ. ಆಗಲಾದರೂ ಹೇಳಬಹುದಿತ್ತು... ಕೊಳದ ದಂಡೆಯ ಮೇಲೆ ನಾನೂ ಕಡೆಯ ಗಳಿಗೆಯವರೆಗೆ ಟವೆಲ್ಲು ಸುತ್ತಿಕೊಂಡೇ ನಿಲ್ಲುತ್ತಿದ್ದೆ ಅಪ್ಪಾ. ನೀರಿಗೆ ಬಿದ್ದಮೇಲೆಯೇ ಜೀವ ಹಗುರಾಗುತ್ತಿತ್ತು. ನನ್ನ ನಾಚಿಕೆಯನ್ನೇ ನೀನು ಬಣ್ಣ ಹಚ್ಚಿ ಸ್ಟ್ಯಾಂಡಿನ ಮುಂದೆ ನಿಲ್ಲಿಸಿದ್ದೆ. ಸಿಟ್ಟು ಬಂದದ್ದು ಅದಕ್ಕೆ. ಈಗ ಆ ಸಿಟ್ಟು ನೆನೆದರೂ ನಾಚಿಕೆಯಾಗುತ್ತದೆ.

ಆಮೇಲೆ ಮನೆಯಲ್ಲಿ ಆ ಆಟದ ಸುದ್ದಿಯೇ ಏಳಲಿಲ್ಲ. ನೀನು ಕೇಳಲು ಹಿಂಜರಿದೆ, ನಾನು ಹೇಳಲು ಬಿಗಿದುಕೊಂಡೆ. ನಾಳೆ ಹೇಳಿದರಾಯಿತು ಎನ್ನುವಷ್ಟರಲ್ಲಿ ನಿನ್ನ ಎದೆಬಡಿತವೇ ನಿಂತುಹೋಯಿತು. ಸೋತೆವು ಎಂಬುದೊಂದನ್ನೇ ಕೇಳಿಕೊಂಡು ಹೋದೆಯಲ್ಲ. ಉಳಿದದ್ದನ್ನು ಈಗ ಬರೆಯುತ್ತೇನೆ.

ಕೊನೆಯ ಪಂದ್ಯದಲ್ಲಿ ಆ ಕಡೆಯ ಹುಡುಗಿಯೊಬ್ಬಳು ನನ್ನ ಹೆಗಲು ಅದುಮಿ ಮುಳುಗಿಸುತ್ತಿದ್ದಳು. ಹೇಗೋ ಕೊಸರಿಕೊಂಡು ಮೇಲೆ ಬಂದೆ, ಚೆಂಡು ಎಡಗೈಗೆ ಸಿಕ್ಕಿತು, ಕಣ್ಣಿಗೆ ನೀರು ತುಂಬಿದ್ದಂತೆಯೇ ಎಸೆದೆ. ಬಲೆ ಅಲುಗಿತು. ಇಡೀ ಕೂಟದಲ್ಲಿ ನಮ್ಮ ತಂಡಕ್ಕೆ ಬಂದದ್ದು ಅದೊಂದೇ ಗೋಲು, ಅಪ್ಪಾ. ಹೊಡೆದವಳು ನಾನು.